ಹೋಗದ ಊರಿಗೆ ದಿನಕ್ಕೊಂದು ಟಿಕೆಟ್

ನಮ್ಮ ಕಾಕಾನಂಥ ನಿಷ್ಠಾವಂತ ಗಿರಾಕಿ ರೈಲ್ವೆಗೆ ಇನ್ನೊಬ್ಬ ಸಿಗಲಾರ. ದಿನಾ ಬೆಳಿಗ್ಗೆ ವಾಡಿಗೆ ಟಿಕೆಟ್ ತೆಗೆಸುತ್ತಾರೆ. ಪ್ಯಾಸೆಂಜರ್ ಬರುತ್ತದೆ, ಹೋಗುತ್ತದೆ. ಕಾಕಾ ಮಾತ್ರ ಟಿಕೆಟ್ ಜೇಬಿಗಿಟ್ಟುಕೊಂಡು ಮನೆಗೆ ಬಂದು ರೊಟ್ಟಿ ತಿನ್ನುತ್ತಾರೆ!

ತಲೆ ಕೆಟ್ಟಿದೆ ಎನ್ನಬೇಡಿ. ನಾಲವಾರದ ಆಚೆಗಿನ ನಮ್ಮ ಸಣ್ಣ ಸ್ಟೇಷನ್ನಿನಲ್ಲಿ ಟಿಕೆಟ್ ಖರ್ಚಾಗದಿದ್ದರೆ ಗಾಡಿ ನಿಲ್ಲಿಸುವುದನ್ನೇ ಬಿಟ್ಟಾರು ಎಂಬ ಗುಮಾನಿ ಅವರಿಗೆ. ಅವರ ಮಗಳು, ಅಂದರೆ ನನ್ನ ತಂಗಿ, ಅದೇ ಗಾಡಿಯಲ್ಲಿ ವಾಡಿಯ ಒಂದು ದವಾಖಾನೆಯ ಲ್ಯಾಬಿಗೆ ಕೆಲಸಕ್ಕೆ ಹೋಗುತ್ತಾಳೆ. ಹುಟ್ಟಿನಿಂದ ಅವಳ ಎಡಗಾಲಿನಲ್ಲಿ ಬಲವಿಲ್ಲ. ಜನ ಜೋತುಬಿದ್ದ ಟಂಟಂ ಆಟೋ ಹತ್ತುವುದು ಆಗದ ಮಾತು. ಈ ಗಾಡಿ ತಪ್ಪಿದರೆ ನೌಕರಿಯೂ ತಪ್ಪಿದಂತೆ.

ಹೋದ ವರ್ಷ ಸ್ಟೇಷನ್ನಿಗೆ ಬಣ್ಣ ಬಳಿದರು. ಊರೆಲ್ಲ ಖುಷಿಪಟ್ಟಿತು, ಕಾಕಾ ಬೆವರಿದರು.

"ಎತ್ತಿನ ಮೈ ತೊಳದು ಕೋಡಿಗಿ ಬಣ್ಣ ಹಚ್ಚಿದ್ರಂದ್ರ ಏನರ್ಥ? ಸಂತಿಗಿ ಹೊಂಟದ! ಯಾರಿಗೋ ಮಾರಾಕತ್ತಾರ ತಮ್ಮಾ."

"ಕಾರಹುಣ್ಣಿಮಿಗೂ ಹಚ್ತಾರಲ್ಲ ಕಾಕಾ?"

"ರೈಲಿಗೆಲ್ಲಿ ಕಾರಹುಣ್ಣಿಮಿ!"

ಮರುದಿನ ಎರಡು ಟಿಕೆಟ್ ತೆಗೆಸಿದರು.

"ಮಾರಿದ್ರ ಮಾರಲಿ ಬಿಡು. ಖಾಸಗಿಯವ್ರು ಟೈಮಿಗಿ ಓಡಸ್ತಾರ," ಎಂದು ಕೆಣಕಿದೆ.

"ಟಂಟಂ ಖಾಸಗಿನೇ ಅದಲ್ಲ? ಮಂದಿ ತುಂಬೋತನಾ ಅಲುಗಲ್ಲ. ರೈಲು ತುಂಬೋತನಾ ಕುಂತ್ರ ನಿನ್ನ ತಂಗಿ ಡ್ಯೂಟಿಗಿ ಹೋಗಾದು ಯಾವಾಗ, ರಿಟೈರಾದ ಮ್ಯಾಲೇನು?"

"ಹಂಗಾರ ಸರಕಾರದ ಮ್ಯಾಲ ಭಾಳ ನಂಬಿಕಿ ಅದ ನಿಂಗ?"

"ಯಾವ ಹುಚ್ಚ ನಂಬ್ತಾನ! ಆದ್ರ ಸರಕಾರದವ್ರು ಓಟಿಗರೆ ನಮ್ಮ ಬಾಗಲಿಗಿ ಬರ್ತಾರ, ಹಿಡದು ಕೇಳಬಹುದು. ಮಾಲಕನ ಬಾಗಲಾ ಯಾರು ನೋಡ್ಯಾರ?"

ಇಬ್ಬರನ್ನೂ ನಂಬದ ಮನುಷ್ಯನ ಜೊತೆ ಯಾರ ಪರ ವಾದ ಮಾಡುವುದು, ನೀವೇ ಹೇಳಿ?

ಮೊನ್ನೆ ಕಾಕಾಗೆ ಜ್ವರ. ಎದ್ದು ನಿಲ್ಲಲೂ ಆಗದೆ ನನ್ನನ್ನೇ ಸ್ಟೇಷನ್ನಿಗೆ ಅಟ್ಟಿದರು. ಒಳಗೊಳಗೇ ನಗುತ್ತ ಹೋಗಿ ಟಿಕೆಟ್ ತೆಗೆಸಿದೆ. ಗಾಡಿ ಬಂತು. ತಂಗಿ ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದರಿಂದ ಎಡಗಾಲನ್ನೆತ್ತಿ ಮೆಟ್ಟಿಲ ಮೇಲಿಟ್ಟು, ನಿಧಾನಕ್ಕೆ ಮೇಲೇರಿದಳು. ಬಾಗಿಲಲ್ಲಿ ತಿರುಗಿ ಕೂಗಿದಳು:

"ಅಣ್ಣಾ, ನಾ ಹತ್ತೀನಂತ ಅಪ್ಪಗ ಹೇಳು. ಇಲ್ಲಾಂದ್ರ ಗುಳಿಗಿ ತಗೊಳ್ಳಲ್ಲ."

ನನಗೆ ನಾಚಿಕೆಯಾಯಿತು. ಕಣ್ಣೂ ತುಂಬಿತು. ಗಾಡಿ ಕಣ್ಮರೆಯಾದ ಮೇಲೆ ಮತ್ತೆ ಕೌಂಟರಿಗೆ ಹೋದೆ.

"ವಾಡಿಗಿ ಇನ್ನೊಂದು ಕೊಡ್ರಿ."

"ಗಾಡಿ ಹೋಯ್ತಲ್ರೀ!"

"ಇರಲಿ, ಕೊಡ್ರಿ."