ಗುಂಡು ಕಾರಿಗೆ ಹೊಸ ಹೊಟ್ಟೆ, ಪಣಕ್ಕೆ ನನ್ನ ಮೀಸೆ

ಹಳೇ ಕಾರಿಗೆ ಹೊಸ ಇಂಜಿನ್ ಕೂರಿಸೋ ಕೆಲಸ ಹಿಡಿದ ಮೇಲೆ ನಗೋಕೆ ನಾನು ಎಲ್ಲಿಗೂ ಹೋಗಬೇಕಾಗಿಲ್ಲ. ಚಾಮರಾಜಪೇಟೆಯ ನನ್ನ ಶೆಡ್ಡಿನ ಬಾಗಿಲು ತೆಗೆದರೆ ಸಾಕು, ಅದೇ ನಾಲ್ಕು ಚಕ್ರದ ಮೇಲೆ ಒಳಗೆ ಬರುತ್ತೆ. ಬರೋ ಗಿರಾಕಿಗಳೆಲ್ಲ ಒಂದೇ ಥರ. ಹೊರಗಿನ ಡಬ್ಬ ತಾತನ ಕಾಲದ್ದೇ ಇರಬೇಕಂತೆ, ಒಳಗೆ ಮಾತ್ರ ಈ ವರ್ಷದ ಗೇರು, ಈ ವರ್ಷದ ಎಸಿ, ಈ ವರ್ಷದ ಸೀಟು. ಕಚ್ಚೆಪಂಚೆ ಉಟ್ಟು ಒಳಗೆ ಜೀನ್ಸ್ ಹಾಕ್ಕೊಂಡ ಹಾಗೆ. ಇದನ್ನು ಸರಿಯಾಗಿ ಮಾಡೋ ಕೈ ಈ ಪೇಟೆಯಲ್ಲಿ ಒಂದೇ ಇದೆ. ಯಾರದ್ದು ಅಂತ ನಾನು ಹೇಳಿದರೆ ಜಂಬ ಅಂತೀರಿ. ಅನ್ನಿ, ನನಗೇನು.

೧. ಪಣ

ಕಾರು ಬಸವನಗುಡಿಯ ಒಬ್ಬ ಕನ್ನಡ ಮೇಡಂದು. ಹೈಸ್ಕೂಲಿನಿಂದ ಅವರು ನಿವೃತ್ತಿ ಆಗಿದ್ದರೂ ಅವರ ಗಂಟಲು ಇನ್ನೂ ಸರ್ವಿಸ್‌ನಲ್ಲೇ ಇತ್ತು. ಕಾರೋ, ಬೆಳ್ಳಗೆ ಗುಂಡಗೆ, ದೊಡ್ಡದೊಂದು ಇಡ್ಲಿಗೆ ಚಕ್ರ ಸಿಕ್ಕಿಸಿದ ಹಾಗೆ. "ಮೈ ಮುಟ್ಟಬೇಡ, ಹೊಟ್ಟೆ ಬದಲಾಯಿಸು" ಅಂದರು.

ಹಿಂಭಾಗ ಜಜ್ಜಿಹೋಗಿದ್ದ ಒಂದು ಹೊಚ್ಚಹೊಸ ಕಾರು ನನ್ನ ಕೈಗೆ ಸಿಕ್ಕಿತ್ತು. ಅದರ ಇಂಜಿನ್, ತಾನೇ ಗೇರು ಬದಲಿಸಿಕೊಳ್ಳೋ ಗೇರ್‌ಬಾಕ್ಸು, ಸೀಟು, ಮಾತಾಡೋ ಸ್ಕ್ರೀನು, ‘ಪುಶ್’ ಅಂತ ಬರೆದಿರೋ ಸ್ಟಾರ್ಟ್ ಬಟನ್ನು, ಎಲ್ಲ ಕಿತ್ತು ಗುಂಡು ಕಾರಿಗೆ ತುಂಬೋದು ಅಂತ ತೀರ್ಮಾನ ಆಯ್ತು.

ಎದುರು ಶೆಡ್ಡಿನ ಹಿರಿಯ ಮೇಸ್ತ್ರಿಗೆ ಇದನ್ನ ಸಹಿಸೋಕಾಗಲಿಲ್ಲ. ಹಣೆ ತುಂಬ ಮೂರು ಪಟ್ಟೆ ವಿಭೂತಿ, ಸ್ಟೂಲಿನ ಮೇಲೆ ಕೂತು ಮೊಮ್ಮಗನನ್ನು ಆಡಿಸೋ ಹಾಗೆ ಕಾರ್ಬೊರೇಟರ್ ಒರೆಸ್ತಾ ಇರೋ ಮನುಷ್ಯ.

"ಏನಪ್ಪಾ ಟ್ರ್ಯಾಕ್ಟರ್, ಅಜ್ಜಿಗೆ ಹೈಹೀಲ್ಸ್ ಹಾಕಿಸ್ತಿದೀಯಾ?" ಅಂದರು.

ನಾನು ಮಾಗಡಿ ಕಡೆ ಹಳ್ಳಿಯೋನು. ಹನ್ನೆರಡನೇ ವಯಸ್ಸಿಗೇ ಟ್ರ್ಯಾಕ್ಟರ್ ಇಂಜಿನ್ ಬಿಚ್ಚಿ ಜೋಡಿಸಿದೋನು. ‘ಟ್ರ್ಯಾಕ್ಟರ್’ ಅನ್ನೋದು ಬೈಗುಳ ಅಂದ್ಕೊಂಡಿದ್ದಾರೆ ಪಾಪ, ನನಗದು ಬಿರುದು.

"ಮೇಸ್ತ್ರಿಗಳೇ, ಕೀ ಜೇಬಲ್ಲಿದ್ದರೆ ಸಾಕು, ಬಟನ್ ಒತ್ತಿದ್ರೆ ಸ್ಟಾರ್ಟ್. ನಿಮ್ಮ ಗಾಡಿಗಳ ಥರ ಬೆಳಿಗ್ಗೆ ಎದ್ದು ಬೀದಿಯವರನ್ನೆಲ್ಲ ಕರೆದು ತಳ್ಳಿಸೋ ಹಾಗಿಲ್ಲ."

"ಓಹೋ. ತಳ್ಳಿಸೋ ಹಾಗಿಲ್ವಾ?"

"ಗುಡಿಗೆ ಹೋಗಿ ಪೂಜೆ ಮಾಡಿಸಿ ಇಲ್ಲಿಗೇ ವಾಪಸ್ ತರ್ತೀನಿ. ಅಷ್ಟರೊಳಗೆ ಇದನ್ನ ಒಂದೇ ಒಂದು ಸಲ ತಳ್ಳಿದ್ರೂ ಈ ಮೀಸೆ ಬೋಳಿಸ್ಕೋತೀನಿ!"

ಮೀಸೆ ಅಂದರೆ ಸುಮ್ಮನೆ ಮೀಸೆ ಅಲ್ಲ ಸ್ವಾಮಿ. ಆರು ವರ್ಷ ಎಣ್ಣೆ ಹಚ್ಚಿ ಸಾಕಿದ್ದು. ಊರಿಗೆ ಹೋದರೆ ನನಗಿಂತ ಮೊದಲು ಅದನ್ನ ಮಾತಾಡಿಸ್ತಾರೆ. ಮೇಸ್ತ್ರಿಯೂ ಬಿಡಲಿಲ್ಲ: "ತಳ್ಳದೇ ಬಂದ್ರೆ ನನ್ನ ಶೆಡ್ಡಿನ ಬೋರ್ಡ್ ಅಳಿಸಿ ನಿನ್ನ ಹೆಸರು ಬರೆಸ್ತೀನಿ."

ತೀರ್ಪು ಹೇಳೋರು ಮೇಡಂ ಅಂತ ಆಯ್ತು. ಅವರು ನನ್ನ ಮೀಸೆಯನ್ನ ಕಾಪಿ ಪುಸ್ತಕ ನೋಡೋ ಹಾಗೆ ಎಡದಿಂದ ಬಲಕ್ಕೆ ನೋಡಿ, "ನೇರ ಇಲ್ಲ" ಅಂದರು.

೨. ಸೀಟಿನ ಜ್ಞಾಪಕಶಕ್ತಿ

ಹೊಸ ಸೀಟುಗಳು ಕರೆಂಟಿನವು. ಯಾರು ಎಷ್ಟು ಮುಂದೆ ಕೂತಿದ್ರು ಅನ್ನೋದನ್ನ ನೆನಪಿಟ್ಟುಕೊಂಡು, ಬಟನ್ ಒತ್ತಿದ ಕೂಡಲೇ ಆ ಜಾಗಕ್ಕೆ ತಾವೇ ಸರಿಯುತ್ತವೆ. ಮೇಡಂ ಗುಬ್ಬಚ್ಚಿಯಷ್ಟು ಆಳು. ಸೀಟು ಪೂರ್ತಿ ಮುಂದೆ ತಂದು ಆ ಜಾಗವನ್ನೇ ಅದರ ನೆನಪಲ್ಲಿ ಕೂರಿಸಿ, ಕೆಲಸಕ್ಕೆ ಅಂತ ಮತ್ತೆ ಹಿಂದಕ್ಕೆ ಸರಿಸಿದ್ದೆ.

ಅವರ ಯಜಮಾನರು ಬ್ಯಾಂಕಿನಲ್ಲಿ ಆಫೀಸರ್ ಆಗಿದ್ದೋರು. ಹೊಟ್ಟೆ ಇನ್ನೂ ಆಫೀಸರ್ ಆಗೇ ಇತ್ತು. ಮೇಡಂ ಇಲ್ಲದ ಹೊತ್ತು ನೋಡಿ ಶೆಡ್ಡಿಗೆ ಬಂದು, "ಒಂದ್ಸಲ ಕೂತ್ಕೋತೀನಪ್ಪ, ಅವಳಿಗೆ ಹೇಳಬೇಡ" ಅಂದರು. ಕೂತರು. ನಾನು ‘ಬೇಡ’ ಅನ್ನೋದರೊಳಗೆ ಬಟನ್ ಒತ್ತಿದರು.

ಸೀಟು ಸದ್ದಿಲ್ಲದೆ ಮುಂದಕ್ಕೆ ಹೊರಡ್ತು. "ಏ... ಏ... ಇದೆಲ್ಲಿಗೆ ಹೋಗ್ತಿದೆ?" ಅಂದರು. ಎಲ್ಲಿಗೂ ಇಲ್ಲ, ಸ್ಟೀರಿಂಗಿಗೆ. ಹೊಟ್ಟೆ ಹೋಗಿ ಹಾರ್ನಿನ ಮೇಲೆ ಕೂತಿತು. ಪೋಂ ಅಂತ ಶುರುವಾಗಿದ್ದು ನಿಲ್ಲಲೇ ಇಲ್ಲ. ನಾನು ವೈರ್ ಕಿತ್ತು ಅವರನ್ನ ಬಿಡಿಸೋ ಹೊತ್ತಿಗೆ ಇಡೀ ಬೀದಿ ಬಾಗಿಲಲ್ಲಿತ್ತು.

ಹೊಗೆಸೊಪ್ಪಿನ ಅಂಗಡಿಯವನು ಕೇಳ್ದ: "ಏನ್ ಗುರು, ಅಷ್ಟು ಹೊತ್ತು ಹಾರ್ನ್?"

ಎದುರಿಂದ ಮೇಸ್ತ್ರಿ ಉತ್ತರ ಕೊಟ್ಟರು: "ಪಾಪ, ಮದುವೆಯಾದ ಮೇಲೆ ಮೊದಲನೇ ಸಲ ದನಿ ಎತ್ತಿದಾರೆ, ಸುಮ್ನಿರ್ರೋ."

೩. ಎಡಗಾಲು

ತಾನೇ ಗೇರು ಬದಲಿಸಿಕೊಳ್ಳೋ ಗಾಡಿಗೆ ಕ್ಲಚ್ ಇರಲ್ಲ. ಬ್ರೇಕು, ಆಕ್ಸಿಲೇಟರು, ಎರಡೇ ಪೆಡಲ್ಲು. ಬ್ರೇಕ್ ಮಾತ್ರ ದೋಸೆಕಲ್ಲಿನಷ್ಟು ಅಗಲ. ಇದನ್ನ ಮೇಡಂಗೆ ಮೂರು ಸಲ ಹೇಳಿದೆ. ಮೂರು ಸಲವೂ "ಗೊತ್ತಿದೆ, ಮುಂದಿನದು ಹೇಳು" ಅಂದರು.

ಮೊದಲ ಓಟಕ್ಕೆ ಮೇಸ್ತ್ರಿ ತಾವೇ ಮುಂದಿನ ಸೀಟಲ್ಲಿ ಹತ್ತಿ ಕೂತರು. ಕಾರು ಎಲ್ಲಿ ನಿಲ್ಲುತ್ತೆ ಅಂತ ಕಣ್ಣಾರೆ ನೋಡೋ ಆಸೆ. "ಬೆಲ್ಟ್ ಹಾಕ್ಕೊಳ್ಳಿ" ಅಂದೆ. "ಅದೆಲ್ಲ ವಿಮಾನದೋರಿಗೆ ಕಣೋ" ಅಂದರು.

ಬುಲ್ ಟೆಂಪಲ್ ರಸ್ತೆ ಕಡೆ ಗಾಡಿ ಬೆಣ್ಣೆ ಹಾಗೆ ಹೋಗ್ತಿತ್ತು. ಸ್ವಲ್ಪ ವೇಗ ಬಂತು ನೋಡಿ, ಮೇಡಂ ಎಡಗಾಲಿಗೆ ನಲವತ್ತು ವರ್ಷದ ಅಭ್ಯಾಸ ನೆನಪಾಯ್ತು. ಗೇರ್ ಹಾಕೋಣ ಅಂತ ಕ್ಲಚ್ ಹುಡುಕಿ ಧಡ್ ಅಂತ ತುಳಿದರು. ಸಿಕ್ಕಿದ್ದು ಬ್ರೇಕು. ಕಾರು ನಿಂತಿತು. ಮೇಸ್ತ್ರಿ ನಿಲ್ಲಲಿಲ್ಲ.

ಅವರ ಹಣೆಯ ಮೂರು ಪಟ್ಟೆ ವಿಭೂತಿ ಮುಂದಿನ ಗಾಜಿನ ಮೇಲೆ ಅಚ್ಚುಕಟ್ಟಾಗಿ ಅಚ್ಚಾಗಿತ್ತು. ಎರಡು ದಿನ ನಾನದನ್ನ ಒರೆಸಲಿಲ್ಲ. ನೋಡಿದೋರೆಲ್ಲ ಕಾರಿಗೆ ಕೈ ಮುಗಿದು ಹೋಗೋರು.

ಆಮೇಲೂ ಎಡಗಾಲು ಬುದ್ಧಿ ಕಲೀಲಿಲ್ಲ. ಕೊನೆಗೆ ನಾನೇ ತಲೆ ಓಡಿಸಿದೆ. ಬ್ರೇಕಿನ ಎಡಗಡೆ ಒಂದು ಹಳೇ ಪೆಡಲ್ ಬೆಸುಗೆ ಹಾಕಿ, ಕೆಳಗೊಂದು ಸ್ಪ್ರಿಂಗ್ ಕೊಟ್ಟೆ. ಅದು ಯಾವುದಕ್ಕೂ ಸೇರಿಲ್ಲ. ಒತ್ತಿದರೆ ಕೆಳಗೆ ಹೋಗುತ್ತೆ, ಬಿಟ್ಟರೆ ಮೇಲೆ ಬರುತ್ತೆ, ಅಷ್ಟೇ. ಮೇಡಂಗೆ ಹೇಳಲಿಲ್ಲ.

ಓಡಿಸಿ ನೋಡಿ ಮೇಡಂ ಮೊದಲನೇ ಸಲ ನನ್ನ ಹೊಗಳಿದರು: "ಇಂಜಿನ್ ಪರವಾಗಿಲ್ಲ ಕಣೋ. ಆದರೆ ಕ್ಲಚ್ ಮಾತ್ರ ಅದ್ಭುತ!"

೪. ಉಚ್ಚಾರಣೆ

ಸ್ಕ್ರೀನು ದಾರಿ ಹೇಳುತ್ತೆ, ಬಾಗಿಲು ತೆರೆದಿದ್ದರೆ ಹೇಳುತ್ತೆ, ಏನೇ ಎಡವಟ್ಟಾದರೂ ಬಾಯಿಬಿಟ್ಟು ಎಚ್ಚರಿಸುತ್ತೆ. ಸಂಪಿಗೆ ರಸ್ತೆಗೆ ಹೊರಟಿದ್ದೆವು. ಹೆಣ್ಣು ದನಿ ಬಂತು: "ಸಂಪೈಜ್ ರೋಡ್ ಕಡೆಗೆ ಎಡಕ್ಕೆ ತಿರುಗಿ."

ಮೇಡಂ ಕಾರು ಪಕ್ಕಕ್ಕೆ ಹಾಕಿ ನಿಲ್ಲಿಸಿದರು. ಸ್ಕ್ರೀನಿನ ಕಡೆ ತಿರುಗಿ, "ಸಂ. ಪಿ. ಗೆ. ಹೇಳು" ಅಂದರು.

"ಎಡಕ್ಕೆ ತಿರುಗಿ."

"ತಿರುಗಲ್ಲ. ಮೊದಲು ಸರಿಯಾಗಿ ಹೇಳು. ಸಂಪಿಗೆ."

"ಮೇಡಂ, ಅದು ಯಂತ್ರ..." ಅಂದೆ.

"ಯಂತ್ರ ಆದರೇನು, ಬಾಯಿ ಇದೆಯಲ್ಲ?"

ಅದೂ ಮೊಂಡು, ಇವರೂ ಮೊಂಡು. ಸ್ವಲ್ಪ ದೂರ ಹೋದ ಮೇಲೆ ಅದು ಮಲ್ಲೇಶ್ವರವನ್ನ ‘ಮ್ಯಾಲೆಶ್ವರಮ್’ ಅಂದಿದ್ದೇ ಕೊನೆ. ದನಿ ಪೂರ್ತಿ ಬಂದ್ ಮಾಡಿಸಿದರು. "ತಿದ್ದಿಕೊಳ್ಳೋವರೆಗೂ ಇದು ಬಾಯಿ ಬಿಡಕೂಡದು" ಅಂತ ಆಜ್ಞೆ. ನಾನು ನಕ್ಕುಬಿಟ್ಟೆ. ಬಸವನಗುಡಿಯಲ್ಲಿ ಕಾರಿನ ಡ್ಯಾಶ್‌ಬೋರ್ಡನ್ನೂ ಬೆಂಚಿನ ಮೇಲೆ ನಿಲ್ಲಿಸ್ತಾರೆ.

ಈ ನಗುವೇ ಆಮೇಲೆ ನನ್ನ ಮುಖಕ್ಕೆ ಬಂತು.

೫. ದೇವರ ಪಾದದಲ್ಲಿ

ಪೂಜೆ ಬುಧವಾರ. ಹನ್ನೆರಡಕ್ಕೆ ರಾಹುಕಾಲ, ಅಷ್ಟರೊಳಗೆ ಮುಗೀಬೇಕು ಅಂತ ಮೇಡಂ. ಹನ್ನೊಂದೂವರೆಗೆ ಬಸವನಗುಡಿಯ ಒಂದು ಪುಟ್ಟ ಗಣಪತಿ ಗುಡಿ ಮುಂದೆ ಗಾಡಿ ನಿಲ್ಲಿಸಿದೆ. ಹಿಂದಿನ ಸೀಟಲ್ಲಿ ಮೇಡಂ, ಯಜಮಾನರು.

ಅರ್ಚಕರು, "ಇಂಜಿನ್ ಆಫ್ ಮಾಡಪ್ಪಾ" ಅಂದರು.

"ಯಾಕೆ ಸ್ವಾಮಿ? ಒಂದು ಗಂಟೆ ನಿಂತಲ್ಲೇ ಓಡಿದ್ರೂ ಬಿಸಿ ಆಗಲ್ಲ. ನನ್ನ ಕೈ ಕೆಲಸ" ಅಂತ ಮೀಸೆ ಮೇಲೆ ಕೈಯಾಡಿಸಿದೆ.

ಅವರು ನನ್ನ ಮೀಸೆಯನ್ನ ಒಮ್ಮೆ ನೋಡಿ, ತಟ್ಟೆ ಚಾಚಿ, "ಕೀ ಕೊಡು" ಅಂದರು. ಗಾಡಿ ಪೂಜೆ ಅಂದಮೇಲೆ ಕೀ ದೇವರ ಪಾದಕ್ಕೆ ಹೋಗಲೇಬೇಕಲ್ಲ. ಕೊಟ್ಟೆ. ಒಳಗೆ ತಗೊಂಡು ಹೋದರು. ಬಂದು ಕಾರಿಗೆ ಅರಿಶಿನ ಕುಂಕುಮ ಹಚ್ಚಿದರು, ಹಾರ ಹಾಕಿದರು, ಕುಂಬಳಕಾಯಿ ಒಡೆದರು, ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು ಇಟ್ಟರು.

ಮೇಡಂ ಗಡಿಯಾರ ನೋಡಿದರು. "ಹನ್ನೆರಡಕ್ಕೆ ಎರಡು ನಿಮಿಷ ಇದೆ! ಹೊರಡೋ, ಹೊರಡೋ!"

ಹೊರಟೆ. ನಿಂಬೆಹಣ್ಣು ಪಚಪಚ ಅಂದವು. ಇಂಜಿನ್ ಮೊದಲೇ ಓಡ್ತಿತ್ತಲ್ಲ, ಕೀ ಇಲ್ಲ ಅನ್ನೋದು ಯಾರಿಗೂ ಹೊಳೀಲಿಲ್ಲ. ಇಂಥ ಗಾಡಿ ಒಂದು ಸಲ ಸ್ಟಾರ್ಟ್ ಆದರೆ ಕೀ ಇಲ್ಲದೇನೂ ಓಡುತ್ತೆ. ಆದರೆ ಆಫ್ ಮಾಡಿದರೆ ಕತೆ ಮುಗೀತು. ಇದನ್ನ ಬಾಯಿಬಿಟ್ಟು ಹೇಳಬೇಕಾಗಿದ್ದ ಹೆಂಗಸಿನ ಬಾಯಿ ಮೇಡಂ ಮುಚ್ಚಿಸಿದ್ದರು. ಸ್ಕ್ರೀನಿನ ಮೇಲೆ ಬಂದ ಅಕ್ಷರದ ಮೇಲೆ ಅರ್ಚಕರು ದೊಡ್ಡದೊಂದು ಸ್ವಸ್ತಿಕ ಬರೆದಿದ್ದರು.

ಚಾಮರಾಜಪೇಟೆಗೆ ರಾಜನ ಹಾಗೆ ಬಂದೆ. ಸೀದಾ ಮೇಸ್ತ್ರಿ ಶೆಡ್ಡಿನ ಗೇಟಿಗೆ ಅಡ್ಡ ನಿಲ್ಲಿಸಿ, "ಬೋರ್ಡ್ ಬರೆಯೋನನ್ನ ಕರೆಸಿ" ಅಂದೆ. ಅಷ್ಟಕ್ಕೇ ಇಳಿದಿದ್ದರೆ ನಾನು ನಾನಾಗಿರ್ತಿದ್ದೆನಾ? "ಬೇಕಾದ್ರೆ ಆಫ್ ಮಾಡಿ ಇನ್ನೊಂದ್ಸಲ ಸ್ಟಾರ್ಟ್ ಮಾಡಿ ತೋರಿಸ್ತೀನಿ ನೋಡಿ!" ಅಂತ ಆಫ್ ಮಾಡಿದೆ.

ಒತ್ತಿದೆ. ಇಲ್ಲ. ಮತ್ತೆ ಒತ್ತಿದೆ. ಇಲ್ಲ.

ಹಿಂದಿನಿಂದ ಮೇಡಂ, "ಕ್ಲಚ್ ಒತ್ತಿದ್ಯೇನೋ?" ಅಂದರು. ಏನು ಮಾಡ್ಲಿ, ಎಲ್ಲರೆದುರು ಆ ಸುಳ್ಳು ಪೆಡಲನ್ನೂ ಒತ್ತಿದೆ. ಮೇಸ್ತ್ರಿ ಬಗ್ಗಿ ನೋಡಿ, "ಇದೆಲ್ಲಿಗೆ ಹೋಗುತ್ತಪ್ಪಾ?" ಅಂದರು. ನಾನು ಸ್ಕ್ರೀನಿನ ಕಡೆ ತಿರುಗಿದೆ.

ಸ್ವಸ್ತಿಕ ಒರೆಸಿ ಓದಿದ ಮೇಲೆ ಜೀವ ಹೋಯ್ತು: ಕೀ ಇಲ್ಲ. ಬೈಕ್ ಹತ್ತಿ ಗುಡಿಗೆ ಓಡಿದೆ. ಬೀಗ. ಐದು ಗಂಟೆಗೆ ಬಾಗಿಲು ತೆಗೆಯೋದಂತೆ. ವಾಪಸ್ ಬರೋ ಹೊತ್ತಿಗೆ ಗೇಟಿನ ಮುಂದೆ ಅರ್ಧ ಬೀದಿ. ಕಾರು ಸರಿಸೋಣ ಅಂತ ಆರು ಜನ ಕೈ ಹಾಕಿದ್ದರಂತೆ. ಆಫ್ ಆದ ತಕ್ಷಣ ಈ ಗೇರ್‌ಬಾಕ್ಸ್ ಚಕ್ರಕ್ಕೆ ಬೀಗ ಹಾಕ್ಕೊಳ್ಳುತ್ತೆ, ಒಂದಿಂಚೂ ಅಲ್ಲಾಡಿರಲಿಲ್ಲ.

ನನಗೆ ಹೋದ ಜೀವ ಬಂತು. "ನೋಡಿದ್ರಾ? ಪಣ ಏನು? ತಳ್ಳಿದ್ರೆ ಮೀಸೆ. ಇದನ್ನ ತಳ್ಳೋಕೇ ಆಗಲ್ಲ! ನಾನೇ ಗೆದ್ದೆ!"

ಮೇಸ್ತ್ರಿ ಮುಖ ಬಾಡಿತು. ಎಲ್ಲರೂ ಮೇಡಂ ಕಡೆ ನೋಡಿದರು. ಮೇಡಂ ಕನ್ನಡಕ ಏರಿಸಿ, ನಿಧಾನವಾಗಿ ಒಳಗೆ ಬಗ್ಗಿ, ಬಟನ್ ಮೇಲೆ ಬೆರಳಿಟ್ಟರು.

"ಇದರ ಮೇಲೆ ಏನು ಬರೆದಿದೆ?"

"ಪುಶ್ ಅಂತ ಮೇಡಂ."

"ಪುಶ್ ಅಂದ್ರೆ ಕನ್ನಡದಲ್ಲಿ ಏನು?"

"ಒತ್ತು."

"ಒತ್ತು ಅನ್ನೋದು ಪ್ರೆಸ್ಸಿಗೆ. ಪುಶ್ಶಿಗೆ?"

ಸೀಟು ಹೊಟ್ಟೆ ಹಿಂಡಿದ ದಿನದಿಂದ ನನ್ನನ್ನ ಮಾತಾಡಿಸದಿದ್ದ ಯಜಮಾನರು ಗಂಟಲು ಸರಿಮಾಡಿಕೊಂಡರು. "ನಮ್ಮ ಬ್ಯಾಂಕಿನ ಬಾಗಿಲ ಮೇಲೆ ಇಂಗ್ಲಿಷಲ್ಲಿ ‘ಪುಶ್’ ಅಂತ ಇತ್ತು. ಅದರ ಕೆಳಗೇ ಕನ್ನಡದಲ್ಲಿ..." ಅಂತ ಹೊಟ್ಟೆ ಸವರಿಕೊಂಡು, "‘ತಳ್ಳಿ’ ಅಂತ ಇತ್ತು" ಅಂದರು.

ಮೇಸ್ತ್ರಿ ಸ್ಟೂಲಿನಿಂದ ಹಾರಿದರು. "ಅಯ್ಯೋ ಟ್ರ್ಯಾಕ್ಟರ್, ಹಾಗಾದ್ರೆ ಬೆಳಿಗ್ಗೆ ಶೆಡ್ಡಲ್ಲೇ ತಳ್ಳಿದೀಯಲ್ಲೋ!"

ಇಂಜಿನ್ ಸೋತಿಲ್ಲ, ನನ್ನ ಕೈ ಸೋತಿಲ್ಲ, ಒಂದು ನಿಘಂಟು ನನ್ನ ಸೋಲಿಸ್ತು. ಹಳ್ಳಿ ಗಂಡು, ಕೊಟ್ಟ ಮಾತಿಗೆ ತಪ್ಪೋನಲ್ಲ. ಪಕ್ಕದ ಸಲೂನಿನಲ್ಲಿ ಕಣ್ಣು ಮುಚ್ಚಿ ಕೂತೆ. ತೆಗೆದಾಗ ಕನ್ನಡಿಯಲ್ಲಿ ಯಾರೋ ಪಿಯುಸಿ ಹುಡುಗ ಕೂತಿದ್ದ.

ಐದಕ್ಕೆ ಸರಿಯಾಗಿ ಗುಡಿಗೆ ಹೋದೆ. ಕೀ ಗಣಪತಿಯ ಪಾದದಲ್ಲೇ ಇತ್ತು, ಮೇಲೊಂದು ದಾಸವಾಳ. "ಸ್ವಾಮಿ, ಬೆಳಿಗ್ಗೆ ಬಿಟ್ಟುಹೋದ ಕಾರಿನ ಕೀ..." ಅಂದೆ.

ಅರ್ಚಕರು ನನ್ನ ಮುಖವನ್ನೇ ನೋಡಿದರು. ಮೂಗಿನ ಕೆಳಗೆ ಇನ್ನೂ ಹೊತ್ತು ನೋಡಿದರು. ಆಮೇಲೆ ಕೀ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

"ತಪ್ಪು ತಿಳ್ಕೋಬೇಡಪ್ಪಾ. ಇದನ್ನ ಕೊಟ್ಟೋನಿಗೆ ಇಷ್ಟು ದಪ್ಪ ಮೀಸೆ ಇತ್ತು. ಹೋಗು, ನಿಮ್ಮಣ್ಣನ್ನೇ ಕಳಿಸು."