ಮೂರು ಬದಿ ಹೊಳೆ, ನಾಲ್ಕೂ ಬದಿ ಅನುಮಾನ

ನಮ್ಮ ಕುಂದಾಪುರಕ್ಕೆ ಹೊಸಬರು ಯಾವ ದಾರಿಯಲ್ಲಿ ಬಂದರೂ ನಮಗೆ ಅನುಮಾನವೇ. ರಿಕ್ಷಾದಲ್ಲಿ ಊರು ತೋರಿಸುವ ನನಗಂತೂ ವಾರಕ್ಕೊಂದು ಫಜೀತಿ ಖಾಯಂ. ಮೂವತ್ತೆಂಟು ದಾಟಿದರೂ ನನಗೆ ಮದುವೆ ಆಗದಿರುವುದಕ್ಕೂ ಈ ಅನುಮಾನವೇ ಕಾರಣ. ಹೇಗೆಂದು ಕೇಳಿ.

೧. ಹೊಳೆ ಲೆಕ್ಕ

ದೂರದೂರಿನ ಗಂಡಹೆಂಡತಿಯನ್ನು ಹೊಳೆಬದಿಗೆ ಕರೆದೊಯ್ದು, "ಇದು ತಾಲೂಕಿನ ಮುಖ್ಯ ಪಟ್ಟಣ, ಐದು ಹೊಳೆ ಸೇರುವ ಜಾಗ" ಎಂದೆ. ಗಂಡ ಬೆರಳು ಮಡಚಿ ಎಣಿಸತೊಡಗಿದ.

ಮೀನು ಮಾರುವ ಹೆಂಗಸು ನನ್ನನ್ನು ಬದಿಗೆ ಕರೆದಳು. "ಹ್ವಾಯ್, ಅವ್ರ್ ಎಂತ ಎಣ್ಸೂದು? ಸರ್ವೆಯವ್ರಾ?"

"ಅಲ್ಲ ಮಾರಾಯ್ತಿ, ಹೊಳಿ ಕಾಂಬುಕ್ ಬಂದದ್ದ್."

"ಸುಳ್ಳ್ ಹೇಳ್ಬೇಡ. ನಾನ್ ಹುಟ್ಟಿದಾಗಿಂದ ಕಾಣ್ತಾ ಇದ್ದೆ, ಅದ್ರಂಗ್ ಕಾಂಬುಕ್ ಎಂತ ಇತ್ತ್?"

೨. ಚಿನ್ನದಂಥ ಹುಡುಗ

ನಮ್ಮಲ್ಲಿ ಹೆಣ್ಣು ಕೊಡುವ ಮೊದಲು ಹುಡುಗನ ಕೇರಿಯಲ್ಲಿ ಗುಟ್ಟಾಗಿ ವಿಚಾರಿಸುತ್ತಾರೆ. ಹಾಗಾಗಿ ಇಸ್ತ್ರಿ ಅಂಗಿ ತೊಟ್ಟವರು ದಾರಿ ಕೇಳಿದರೆ ಸಾಕು, ಹೆಣ್ಣಿನ ಕಡೆಯವರೇ ಅಂತ ನಮ್ಮ ಓಣಿಯ ಅಂಗಡಿಯವನಿಗೆ ಅನುಮಾನ. ಮೊನ್ನೆ ನೀರಿನ ಫಿಲ್ಟರ್ ಮಾರುವವನು ಬಸ್‌ಸ್ಟ್ಯಾಂಡ್ ಎಲ್ಲಿ ಎಂದದ್ದಕ್ಕೆ, "ಮಾಣಿ ಚಿನ್ನದಂಥವ, ಕುಡೂದಿಲ್ಲೆ" ಎಂದುಬಿಟ್ಟ. ಯಾವ ಮಾಣಿ ಅಂತ ಅವನಿಗೇ ಗೊತ್ತಿಲ್ಲ!

೩. ಓಣಿ ಅಳೆದವರು

ಇಷ್ಟರಲ್ಲಿ ಬ್ರೋಕರ್ ನನಗೊಂದು ಪಕ್ಕದೂರು ವಂಡ್ಸೆಯ ಸಂಬಂಧ ತಂದ. ಜಾತಕ ಕೂಡಿತ್ತು, ಮುಖ ನೋಡುವುದೊಂದು ಬಾಕಿ. ಇದೂ ತಪ್ಪಿದರೆ ನನ್ನ ಕಥೆ ಮುಗಿಯಿತು ಅಂತ ಹೆದರಿಕೆ.

ಕಳೆದ ವಾರ ಹಿರಿಯರೊಬ್ಬರು ರಿಕ್ಷಾ ಹತ್ತಿ, "ಊರು ಒಂದು ಸುತ್ತು ತೋರ್ಸಿ" ಎಂದರು. ಹೊಳೆ ತೋರಿಸಿದೆ, ನೋಡಲಿಲ್ಲ. ಪೇಟೆ ತೋರಿಸಿದೆ, ನೋಡಲಿಲ್ಲ. ನಮ್ಮ ಓಣಿ ಬಂದದ್ದೇ ಇಳಿದು, ಹೆಜ್ಜೆ ಹಾಕಿ ಅದರ ಅಗಲ ಅಳೆದರು! ಆಮೇಲೆ ನನ್ನ ಮನೆಗೇ ಕೈ ತೋರಿಸಿ, "ಆ ಹೆಂಚಿನ್ ಮನಿಯವ್ರ್ ಹ್ಯಾಂಗೆ?" ಎಂದರು.

ಇವರು ರಸ್ತೆ ಅಗಲ ಮಾಡಲು ಮನೆ ಕೆಡವುವ ಸರ್ವೆಯವರೇ ಸೈ! ಬಿಡುವುದುಂಟಾ?

"ಆ ಜಾಗ ಗಟ್ಟಿ ಇಲ್ಲೆ, ಮಳೆಗಾಲದಲ್ ಹೊಳಿ ನೀರ್ ಒಲಿವರೆಗೂ ಬತ್ತ್. ಆ ಮನಿಯವ ಮಹಾ ಜಗಳಗಂಟ. ಮಾತೆತ್ತಿದ್ರೆ ಕತ್ತಿ, ಇಲ್ದಿರೆ ಕೋರ್ಟ್."

"ಹೇಳಿದ್ದ್ ಒಳ್ಳೇದಾಯ್ತ್" ಎಂದು ಕೈಮುಗಿದು ಹೋದರು. ಮನೆ ಉಳಿಸಿದೆ ಎಂದು ಅಮ್ಮನೆದುರು ಜಂಬ ಕೊಚ್ಚಿಕೊಂಡೆ.

ಸಂಜೆ ಬ್ರೋಕರ್ ಫೋನ್ ಮಾಡಿದ. "ಸಂಬಂಧ ಮುರೀತ್ ಮಾರಾಯ. ಮದಿ ದಿಬ್ಬಣದ್ ಬಸ್ ನಿಮ್ಮ್ ಓಣಿ ಒಳ್ಗ್ ಬತ್ತಾ ಅಂತ ಕಾಂಬುಕೆ ಹೆಣ್ಣಿನ್ ಅಪ್ಪ ಬಂದಿದ್ರ್ ಅಂಬ್ರ್. ಯಾವ್ದೋ ರಿಕ್ಷಾದವ ನಿನ್ ಬಗ್ಗೆ ಇಲ್ದಿದ್ದೆಲ್ಲ ಹೇಳಿದ್ನಂಬ್ರ್. ನಿಂಗ್ ಯಾರ್ ಮೇಲಾರೂ ಅನುಮಾನ ಇತ್ತಾ?"

ಜೀವನದಲ್ಲಿ ಮೊದಲ ಸಲ ನನಗೆ ಯಾರ ಮೇಲೂ ಅನುಮಾನ ಇರಲಿಲ್ಲ.