ಅತನೂರಿಗೆ ಬಂದ ರಿಸೀವರ್

ಅತನೂರ ಗ್ರಾಮದ ವಾಲಿಬಾಲ್ ತಂಡವು ತನ್ನಲ್ಲಿದ್ದ ಒಬ್ಬನೇ ಒಬ್ಬ ಹೊಡೆತಗಾರ ಅಮೋಘಸಿದ್ದನನ್ನು ಮಾದನಹಿಪ್ಪರಗಾ ತಂಡಕ್ಕೆ ಕೊಟ್ಟು, ಬದಲಿಗೆ ಶಹಬಾಜ ಎಂಬ ರಿಸೀವರನನ್ನು ತಂದುಕೊಂಡದ್ದು ಸರ್ವಾನುಮತದಿಂದ ನಡೆದ ಕಾರ್ಯವಾಗಿದ್ದು, ಸದರಿ ಸರ್ವಾನುಮತದ ಬಗ್ಗೆ ಊರಿನಲ್ಲಿ ಎರಡು ಪಕ್ಷಗಳಿದ್ದವು.

ರಿಸೀವರ್ ಎಂದರೆ, ಎದುರಿನವರು ಹೊಡೆದ ಚೆಂಡು ನೆಲಕ್ಕೆ ಬೀಳದಂತೆ ತಾನೇ ನೆಲಕ್ಕೆ ಬಿದ್ದು ಎತ್ತುವವನು. ಇಂಥವನೊಬ್ಬ ಇಲ್ಲದ್ದಕ್ಕೇ ನಾವು ವರ್ಷಾವರ್ಷ ಸೊನ್ನ ಊರಿನ ಪಂದ್ಯದಲ್ಲಿ ಸೋಲುತ್ತೇವೆ ಎಂದು ಒಂದು ಪಕ್ಷ ಹೇಳಿತು. ಎತ್ತಿದ ಮೇಲೆ ಹೊಡೆಯುವವರು ಯಾರು, ನಿಮ್ಮಪ್ಪನೇ ಎಂದು ಇನ್ನೊಂದು ಪಕ್ಷ ಕೇಳಿತು. ಎರಡೂ ಪಕ್ಷದವರು ಬೇರೆ ಬೇರೆ ಹೋಟೆಲಿನಲ್ಲಿ ಚಹಾ ಕುಡಿಯತೊಡಗಿದರು. ಇವರಲ್ಲಿ ಯಾರೂ ಜನ್ಮದಲ್ಲಿ ಚೆಂಡು ಮುಟ್ಟಿದವರಲ್ಲ. ಅಭಿಮಾನಿಗಳ ಸಂಘದ ನಿಯಮದಲ್ಲಿ ಅದೇನೂ ಕಡ್ಡಾಯವಿರಲಿಲ್ಲ.

ಶಹಬಾಜನಿಗೆ ಈ ಪಕ್ಷಗಳ ಸುದ್ದಿ ಬೇಕಿರಲಿಲ್ಲ. ಅವನಿಗೆ ಬೇಕಾದದ್ದು ಜಿಲ್ಲಾ ತಂಡದ ಅಂಗಿ. ಆರಿಸುವವರು ಸೊನ್ನದ ಪಂದ್ಯ ನೋಡಲು ಬರುತ್ತಾರೆ. ಮಾದನಹಿಪ್ಪರಗಾದಲ್ಲಿ ಹಿರಿಯ ರಿಸೀವರ್ ಒಬ್ಬ ಜಾಗ ಹಿಡಿದು ಕೂತಿದ್ದ. ಅತನೂರಿನಲ್ಲಿ ಪೂರ್ತಿ ಆಟ ಆಡಿಸುತ್ತೇವೆಂದು ಮಾತು ಕೊಟ್ಟಿದ್ದರು. ಅವನ ತಾಯಿ ಪ್ಯಾರಿಬಿ ಹಳೆಯ ಕೌದಿ ಹರಿದು ಮೊಣಕಾಲಿಗೆ ದಪ್ಪ ಪಟ್ಟಿ ಹೊಲಿದು ಕೊಟ್ಟಿದ್ದಳು. ಅದನ್ನು ಚೀಲದಲ್ಲಿಟ್ಟುಕೊಂಡು ಅವನು ಅತನೂರ ಬಸ್ಸಿನಿಂದ ಇಳಿದ.

ಇಳಿದವನನ್ನು ಏನೆಂದು ಕರೆದು ಹೇಗೆ ನಡೆಸಿಕೊಳ್ಳಬೇಕೆಂಬ ಪೇಚಾಟ ಸಂಘಕ್ಕೆ ಎದುರಾಯಿತು. ಆಟಗಾರನನ್ನು ಕೊಟ್ಟು ಆಟಗಾರನನ್ನು ತಂದ ಪದ್ಧತಿ ಈ ಸೀಮೆಯಲ್ಲಿ ಇರಲಿಲ್ಲ. ಅಧ್ಯಕ್ಷ ಕಲ್ಯಾಣಕುಮಾರ ತಲೆ ಕೆರೆದುಕೊಂಡು, ಊರಿನ ಅರ್ಧ ಮದುವೆ ಕುದುರಿಸಿದ ಗುರಮ್ಮನನ್ನು ಕೇಳಿದ.

"ಒಂದು ಕೊಟ್ಟು ಒಂದು ತಂದ್ರಿ ಅಂದ್ರ ಅದು ಸಾಟಿ ಸಂಬಂಧ ಆತಪ್ಪ," ಎಂದಳು ಗುರಮ್ಮ. "ನಮ್ಮ ಹೆಣ್ಣು ಅವರ ಮನ್ಯಾಗ, ಅವರ ಹೆಣ್ಣು ನಮ್ಮ ಮನ್ಯಾಗ. ನಾವು ಇಲ್ಲಿ ಅಳಿಸಿದ್ರ ಅವರು ಅಲ್ಲಿ ಅಳಸ್ತಾರ. ಇವ ಗಂಡಸ ಇದ್ದಾನ, ಸೊಸಿ ಅನ್ನಾಕ ಬರಂಗಿಲ್ಲ. ಅಳಿಯ ಅನ್ರಿ."

ಕೂಡಲೇ ಪ್ರಕಟಣೆ ಹೊರಬಿತ್ತು: "ಈ ಮೂಲಕ ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ, ಶ್ರೀ ಶಹಬಾಜ ಇವರು ಊರಿನ ಅಳಿಯಂದಿರಾಗಿರುತ್ತಾರೆ. ಸದರಿಯವರಿಗೆ ದಿನಕ್ಕೊಂದು ಮನೆಯಲ್ಲಿ ಊಟ. ಉಸ್ತುವಾರಿಗಾಗಿ ಸಂಘದ ಎಲ್ಲ ಪದಾಧಿಕಾರಿಗಳೂ ಜೊತೆಗೆ ಉಣ್ಣತಕ್ಕದ್ದು."

ಉಸ್ತುವಾರಿ ಕಟ್ಟುನಿಟ್ಟಾಗಿ ನಡೆಯಿತು. ವಿರೋಧ ಪಕ್ಷದವರನ್ನೂ ಪದಾಧಿಕಾರಿಗಳೆಂದು ನೇಮಿಸಿದ ಮೇಲೆ ಊರಿನ ಭಿನ್ನಾಭಿಪ್ರಾಯ ಬಹಳ ಮಟ್ಟಿಗೆ ಕರಗಿತು.

ತಾಲೀಮಿನ ಮೊದಲ ದಿನ ಚೆಂಡು ರಭಸದಿಂದ ಬಂತು. ಶಹಬಾಜ ಉದ್ದಕ್ಕೆ ನೆಲಕ್ಕೆ ಬಿದ್ದು ಎತ್ತಿದ. ಚೆಂಡನ್ನು ಹಾಗೆ ಎತ್ತಿದ್ದನ್ನು ಅತನೂರ ಕಂಡಿರಲಿಲ್ಲ. ಆದರೆ ಅವನ ಮೊಣಕೈ ತರಚಿ ನೆತ್ತರು ಬಂದಿತ್ತು, ಅಂಗಿಗೆ ಮಣ್ಣು ಹತ್ತಿತ್ತು.

"ಆಟ ನಿಂದರಸ್ರಿ," ಎಂದು ಕಲ್ಯಾಣಕುಮಾರ ಓಡಿಬಂದ. "ಅಳಿಯನ್ನ ಮಣ್ಣಾಗ ಕೆಡವಿದ್ರಿ ಅಂತ ಬೀಗರಿಗೆ ಗೊತ್ತಾದ್ರ ನಮ್ಮ ಮಾನ ಉಳೀತದೇನು? ನಾಳೆ ನಮ್ಮ ಅಮೋಘಸಿದ್ದಗ ಹಂಗ ಮಾಡ್ತಾರ."

"ನಾ ಬೀಳಾಕಂತನ ಬಂದೇನ್ರಿ," ಎಂದ ಶಹಬಾಜ.

"ಅದು ನಿಮ್ಮ ದೊಡ್ಡಗುಣರಿ. ನಮಗೂ ಒಂದು ರೀತಿ ಅಂತ ಇರ್ತದಲ್ಲ."

ಮಾದನಹಿಪ್ಪರಗಾಕ್ಕೆ ಫೋನು ಹೋಯಿತು. ಅವರೂ ಕಡಿಮೆಯವರಲ್ಲ, ಕೈ ನೊಂದೀತೆಂದು ಅಮೋಘಸಿದ್ದನಿಗೆ ಚೆಂಡನ್ನೇ ಮುಟ್ಟಗೊಟ್ಟಿರಲಿಲ್ಲ. ಬೀಗರ ಮುಂದೆ ನಾವು ಸಣ್ಣವರಾದೆವಲ್ಲ ಎಂದು ಊರು ನಾಚಿತು. ಆರು ಮಂದಿ ಅಂಕಣದೊಳಗೆ ಇರಲೇಬೇಕೆಂಬುದು ಆಟದ ನಿಯಮ. ನಿಂತೇ ಇರಬೇಕೆಂದು ಎಲ್ಲೂ ಹೇಳಿಲ್ಲ. ಆದ್ದರಿಂದ ಅಂಕಣದೊಳಗೆ, ಶಹಬಾಜನ ಜಾಗದಲ್ಲಿ, ಮದುವೆಗಳಿಗೆ ಬಾಡಿಗೆಗೆ ಕೊಡುವ ಕೆಂಪು ಕುರ್ಚಿಯೊಂದನ್ನು ಹಾಕಲಾಯಿತು.

ಶಹಬಾಜ ಸಿಟ್ಟಾದ. ಬೇಡಿಕೊಂಡ. ಊಟ ಬಿಟ್ಟೂ ನೋಡಿದ. ಊಟ ಬಿಟ್ಟದ್ದಕ್ಕೆ ಪದಾಧಿಕಾರಿಗಳೆಲ್ಲ ಕಂಗಾಲಾಗಿ, ಕುರ್ಚಿಗೆ ಮೆತ್ತನೆಯ ದಿಂಬು ಸೇರಿಸಿದರು. ಪಂದ್ಯದ ದಿನವಾದರೂ ಆಡಗೊಟ್ಟಾರು ಎಂದುಕೊಂಡು ಅವನು ಕುರ್ಚಿಯಲ್ಲಿ ಕೂತ.

ಸೊನ್ನದ ಬ್ಯಾರೇಜಿನ ಹತ್ತಿರದ ಬಯಲಿನಲ್ಲಿ ಕೊನೆಯ ಪಂದ್ಯ ನಮಗೂ ಬೀಗರಿಗೂ ಬಿತ್ತು. ಆ ಕಡೆ ಅಮೋಘಸಿದ್ದ ಕುರ್ಚಿಯಲ್ಲಿ ಕೂತು ಶರಬತ್ತು ಕುಡಿಯುತ್ತಿದ್ದ. ಈ ಕಡೆ ಶಹಬಾಜ ಮೊಣಕಾಲಿಗೆ ಕೌದಿಯ ಪಟ್ಟಿ ಬಿಗಿದುಕೊಂಡು ಕುರ್ಚಿಯ ತುದಿಯಲ್ಲಿ ಕೂತಿದ್ದ. ಆರಿಸುವವರು ಬೇವಿನ ಮರದ ಕೆಳಗಿದ್ದರು. ಆಟ ಸಮಸಮವಾಗಿ, ಇನ್ನು ಒಂದು ಅಂಕ ಗಳಿಸಿದವರಿಗೇ ಕಪ್ ಎಂದು ಆಟದ ತೀರ್ಪು ಕೊಡುವ ಪಂಚ ಮಹೇಶಕುಮಾರ ಮಾಸ್ತರರು ಸಾರಿದರು.

ಚೆಂಡು ಬಂತು. ನಮ್ಮ ಐವರೂ ರೂಢಿಯಂತೆ ಅದನ್ನು ನೋಡುತ್ತ ನಿಂತರು. ಶಹಬಾಜ ಕುರ್ಚಿಯಿಂದ ಹಾರಿ, ನೆಲಕ್ಕೆ ಎದೆ ಹಚ್ಚಿ, ಅಂಗೈ ಅಗಲದಷ್ಟು ಎತ್ತರದಲ್ಲಿ ಚೆಂಡನ್ನು ಹಿಡಿದೆತ್ತಿದಂತೆ ಮೇಲಕ್ಕೆ ಚಿಮ್ಮಿಸಿದ. ಅದು ಬಲೆ ದಾಟಿ ಹೋಗಿ ಅಮೋಘಸಿದ್ದನ ಕುರ್ಚಿಯ ಪಕ್ಕಕ್ಕೆ ಬಿತ್ತು. ಅತನೂರ ಮೊಟ್ಟಮೊದಲ ಸಲ ಕಪ್ ಗೆದ್ದಿತ್ತು.

ಕೂಡಲೇ ಮಾದನಹಿಪ್ಪರಗಾದ ಹಿರಿಯ ಲಾಲಸಾಬ ಎದ್ದು ನಿಂತ. "ನಮ್ಮ ಹುಡುಗನ್ನ ಮಂದಿ ಮುಂದ ಮಣ್ಣಾಗ ಕೆಡವಿದ್ರೇನ್ರಿ?"

"ತಪ್ಪಾತ್ರಿ ಬೀಗರ," ಎಂದು ಕಲ್ಯಾಣಕುಮಾರ ಕೈಮುಗಿದ. "ಆ ಅಂಕ ನಮಗ ಬ್ಯಾಡ್ರಿ. ರದ್ದು ಮಾಡ್ರಿ."

ನಮ್ಮ ಎರಡೂ ಪಕ್ಷದವರು ಅಂದೇ ಮೊದಲು ಒಂದೇ ದನಿಯಲ್ಲಿ ಹೌದೆಂದರು. ಉಭಯ ಊರುಗಳ ಒಪ್ಪಿಗೆಯ ಮೇರೆಗೆ ಅಂಕ ರದ್ದಾಯಿತು.

ಬೇವಿನ ಕೆಳಗಿನಿಂದ ಆರಿಸುವವರೊಬ್ಬರು ಬಂದರು. "ಆ ಹುಡುಗ ಯಾರ್ರಿ? ಆಟಗಾರ ಏನು?"

ಶಹಬಾಜ ಬಾಯಿ ತೆರೆಯುವುದರೊಳಗೆ ಕಲ್ಯಾಣಕುಮಾರ ಹೆಮ್ಮೆಯಿಂದ, "ಛೇ, ಬಿಡ್ತು ಅನ್ರಿ. ನಮ್ಮೂರ ಅಳಿಯ್ರಿ ಅವರು," ಎಂದ.

"ಹಂಗೇನು," ಎಂದು ಅವರು ಹೊರಟುಹೋದರು.

ಅವರು ಮರದ ನೆರಳು ಸೇರುವವರೆಗೂ ಶಹಬಾಜ ನೋಡಿದ. ಅವನಿಗೆ ಅಳು ಬಂದಿತ್ತು. ಪದಾಧಿಕಾರಿಗಳು ಅವನ ಎದೆಯ ಮಣ್ಣು ಕೊಡವಿ, ರಟ್ಟೆ ಹಿಡಿದು ಕುರ್ಚಿಯಲ್ಲಿ ಕೂರಿಸಿ, ಕೈಗೊಂದು ಶರಬತ್ತು ಕೊಟ್ಟರು. ರದ್ದಾದ ಅಂಕವನ್ನು ಮತ್ತೆ ಆಡಿಸಲು ಮಾಸ್ತರರು ಸೀಟಿ ಊದಿದರು. ಚೆಂಡು ಈ ಸಲ ನೇರವಾಗಿ ಅವನತ್ತಲೇ ಬಂತು.

ಶಹಬಾಜ ಶರಬತ್ತು ತುಳುಕದಂತೆ ಎರಡೂ ಕಾಲು ಮೇಲಕ್ಕೆತ್ತಿ, ಚೆಂಡಿಗೆ ದಾರಿ ಬಿಟ್ಟ. ಎರಡೂ ಊರಿನವರು ಎದ್ದು ನಿಂತು ಚಪ್ಪಾಳೆ ತಟ್ಟಿದರು.